ಮೂರು ದಿನದ ಶಿಬಿರ. ನಾಲ್ಕನೇ ದಿನ ಮತ್ತದೇ ಗ್ಯಾರೇಜು

ಬೇಸಿಗೆ ರಜೆ ಬಂತೆಂದರೆ ಸಾಕು, ಊರೂರಲ್ಲೂ ಸಂಗೀತ ಶಿಬಿರಗಳ ಸುಗ್ಗಿ. ಬಸ್ ಸ್ಟ್ಯಾಂಡಿನ ಎದುರಿಗೆ ಬ್ಯಾನರು, ವೇದಿಕೆಗೆ ಹೂವಿನ ಸರ, ಮುಖ್ಯ ಅತಿಥಿಗಳಿಗೆ ಶಾಲು, ಅವರದೊಂದು ತಾಸಿನ ಭಾಷಣ. 'ಹಿಂದುಳಿದ ಯುವಜನರ ಸಬಲೀಕರಣ' ಎಂಬ ದೊಡ್ಡ ಮಾತು ದೊಡ್ಡ ಅಕ್ಷರದಲ್ಲಿ. ಮೊದಲನೇ ದಿನ ಉದ್ಘಾಟನೆ, ಎರಡನೇ ದಿನ ಸ ರಿ ಗ ಮ, ಮೂರನೇ ದಿನ ಸಮಾರೋಪ. ಪ್ರಮಾಣಪತ್ರ ಹಂಚಿ, ಫೋಟೋ ಹೊಡೆಸಿಕೊಂಡು, ಪೆಂಡಾಲಿನವ ಗಳ ಬಿಚ್ಚುವ ಹೊತ್ತಿಗೆ ಅತಿಥಿಗಳ ಕಾರು ಊರು ದಾಟಿರುತ್ತದೆ.

ನಾಲ್ಕನೇ ದಿನ ಏನಾಗುತ್ತದೆ? ಗ್ಯಾರೇಜಿನ ಹುಡುಗ ಪಾನಾ ಹಿಡಿದು ಮತ್ತೆ ಲಾರಿಯ ಕೆಳಗೆ ಹೋಗುತ್ತಾನೆ. ಬಟ್ಟೆ ಅಂಗಡಿಯ ಹುಡುಗ ಥಾನು ಬಿಚ್ಚಲಿಕ್ಕೆ ನಿಲ್ಲುತ್ತಾನೆ. ಹೊಲದ ಕೂಲಿಯವಳ ಮಗಳು ತಾಯಿಯ ಜೋಡಿ ಕಳೆ ತೆಗೆಯಲಿಕ್ಕೆ ಹೋಗುತ್ತಾಳೆ. ಕಲಿತ ಒಂದು ಅಲಂಕಾರ ವಾರ ಕಳೆಯುವುದರೊಳಗೆ ಮರೆತು ಹೋಗುತ್ತದೆ. ಬಾರಿಸಲು ತಬಲಾ ಇಲ್ಲ, ನುಡಿಸಲು ಹಾರ್ಮೋನಿಯಂ ಇಲ್ಲ, ತಪ್ಪಿದರೆ ತಿದ್ದಲು ಮಾಸ್ತರರಿಲ್ಲ. ಉಳಿಯುವುದು ಪ್ರಮಾಣಪತ್ರ ಒಂದೇ. ಅದನ್ನು ಗೋಡೆಗೆ ಹಚ್ಚಿದರೆ ಹುಡುಗ ಸಬಲ ಆಗುತ್ತಾನೆಯೇ?

ಹಾಗಾದರೆ ಸಂಗೀತದಿಂದ ಬಡವರ ಮಕ್ಕಳ ಬಾಳು ನೆಟ್ಟಗಾಗುತ್ತದೆ ಎನ್ನುವುದು ಬರೀ ಭಾಷಣದ ಮಾತೇ? ಖಂಡಿತ ಅಲ್ಲ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗುವ ಕಾರಣವೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಾಗಿಲಲ್ಲಿ ಅರ್ಧ ತಾಸು ನಿಂತರೆ ಸಾಕು. ಒಂದು ಮೂಲೆಯಲ್ಲಿ ತಬಲಾ, ಇನ್ನೊಂದು ಮೂಲೆಯಲ್ಲಿ ಹಾರ್ಮೋನಿಯಂ. ಕಣ್ಣಿಲ್ಲದ ಹುಡುಗ ಹಾಡುತ್ತಾನೆ, ಕಣ್ಣಿದ್ದವ ಕೇಳುತ್ತಾ ನಿಲ್ಲುತ್ತಾನೆ.

ಈ ಜಿಲ್ಲೆಯ ಜನಕ್ಕೆ ಆಶ್ರಮ ಗೊತ್ತು, ಜಾತ್ರೆ ಗೊತ್ತು. ಆದರೆ ಅದು ಹೇಗೆ ನಡೆಯಿತು ಎಂಬ ಲೆಕ್ಕಾಚಾರವನ್ನು ಬಹಳ ಮಂದಿ ವಿಚಾರ ಮಾಡಿಲ್ಲ. ಶಿಬಿರ ಮಾಡುವವರಂತೂ ಮಾಡಿಯೇ ಇಲ್ಲ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಕಣ್ಣಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಹುಡುಗನ ಮುಂದೆ ಇದ್ದ ದಾರಿ ಒಂದೇ: ಗುಡಿಯ ಮುಂದೆ ಕೂತು ಕೈ ಚಾಚುವುದು. ಆದರೆ ಹಾನಗಲ್ ಕುಮಾರ ಸ್ವಾಮಿಗಳು ಆ ಹುಡುಗನ ಕಂಠ ಕೇಳಿದರು. ಕೇಳಿ, 'ಬಹಳ ಚಲೋ ಹಾಡ್ತೀ ತಮ್ಮಾ' ಎಂದು ಬೆನ್ನು ಚಪ್ಪರಿಸಿ ಕಳಿಸಲಿಲ್ಲ. ಊಟ ವಸತಿಗೆ ದಾರಿ ಮಾಡಿ, ಗುರುಗಳ ಬಳಿ ವರ್ಷಗಟ್ಟಲೆ ಕಲಿಯಲಿಕ್ಕೆ ಬಿಟ್ಟರು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡನ್ನೂ ಅರಗಿಸಿಕೊಂಡ ಆ ಹುಡುಗನೇ ಗಾನಯೋಗಿ ಪಂಚಾಕ್ಷರ ಗವಾಯಿ.

ಗವಾಯಿಗಳು ಕಲಿತದ್ದನ್ನು ಗಂಟು ಕಟ್ಟಿ ಇಟ್ಟುಕೊಳ್ಳಲಿಲ್ಲ. ಕಣ್ಣಿಲ್ಲದವರು, ತಂದೆ-ತಾಯಿ ಇಲ್ಲದವರು, ಉಣ್ಣಲಿಕ್ಕೆ ಇಲ್ಲದವರು, ಇಂಥ ಮಕ್ಕಳನ್ನೇ ಕೂಡಿಸಿಕೊಂಡರು. ಮೊದಮೊದಲು ಅದು ಊರಿಂದೂರಿಗೆ ಸಂಚರಿಸುವ ಪಾಠಶಾಲೆ. ಮಕ್ಕಳು, ವಾದ್ಯ, ಪಾತ್ರೆ ಪಗಡಿ ಎಲ್ಲ ಒಟ್ಟಿಗೆ ಊರು ಬಿಟ್ಟು ಊರಿಗೆ ಹೋಗಬೇಕು. ಭಕ್ತರು ಕೊಟ್ಟ ಜೋಳ, ಅಕ್ಕಿಯಲ್ಲಿ ಎಲ್ಲರ ಊಟ ಆಗಬೇಕು. ಕಡೆಗೆ ಗದಗಿನಲ್ಲಿ ನೆಲೆ ಸಿಕ್ಕಿತು.

1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡಾಗ ಭಾರ ಬಿದ್ದದ್ದು ಶಿಷ್ಯ ಪುಟ್ಟರಾಜರ ಹೆಗಲಿಗೆ. ಅವರಿಗಾಗ 30 ವರ್ಷ. ಅವರೂ ಹಾನಗಲ್ ತಾಲೂಕಿನವರೇ, ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡವರು. 2010ರ ಸೆಪ್ಟೆಂಬರಿನಲ್ಲಿ ಕಣ್ಮರೆಯಾಗುವ ತನಕ, ಎಂದರೆ 66 ವರ್ಷ, ಅವರು ಆ ಮನೆಯನ್ನು ನಡೆಸಿದರು. ಅದೇ ವರ್ಷ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು.

ಇಲ್ಲಿ ವರ್ತಕರು ಗಮನಿಸಬೇಕಾದ ಒಂದು ಮಾತಿದೆ. ನೂರಾರು ಮಕ್ಕಳಿಗೆ ಎರಡು ಹೊತ್ತು ಉಣ್ಣಲಿಕ್ಕೆ ಹಾಕಲು ದುಡ್ಡು ಎಲ್ಲಿಂದ ಬರಬೇಕು? ಪುಟ್ಟರಾಜರು ನಾಟಕ ಕಂಪನಿ ಕಟ್ಟಿದರು. ನಾಟಕವನ್ನು ತಾವೇ ಬರೆದರು. ಶಿಷ್ಯರೇ ಹಾಡುವವರು, ಬಾರಿಸುವವರು, ಬಣ್ಣ ಹಚ್ಚುವವರು. ಜನ ಟಿಕೀಟು ಕೊಂಡು ನೋಡಿದರು. ಆ ದುಡ್ಡು ಆಶ್ರಮದ ಒಲೆಗೆ ಬಂತು. ಭಕ್ತರು ಊರೂರಲ್ಲಿ ಗವಾಯಿಗಳ ತುಲಾಭಾರ ಮಾಡಿದರು, ತಕ್ಕಡಿಗೆ ಬಿದ್ದದ್ದೂ ಮಕ್ಕಳ ಊಟಕ್ಕೇ ಹೋಯಿತು. ಅಂದರೆ ಆ ಮಕ್ಕಳು ಬರೀ ದಾನದ ಅನ್ನ ಉಂಡು ಬೆಳೆದವರಲ್ಲ. ಹಾಡಿ, ನುಡಿಸಿ, ದುಡಿದು ಉಂಡವರು. ಕೈ ಚಾಚುವ ಹುಡುಗ ಕೈಯಿಂದ ಗಳಿಸುವವನಾದದ್ದು ಹೀಗೆ. ಸಬಲೀಕರಣ ಎಂಬ ಶಬ್ದ ಹುಟ್ಟುವ ಮೊದಲೇ ಗದಗಿನಲ್ಲಿ ಆ ಕೆಲಸ ನಡೆದಿತ್ತು.

ಫಲ ಏನು? ಕುಂದಗೋಳ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಕೈಯಲ್ಲಿ ತಯಾರಾದವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ 600ನೇ ವರ್ಷದ ಉತ್ಸವ ನಡೆದಾಗ ಈ ಹುಡುಗ ದೊಡ್ಡ ಜನಸ್ತೋಮದ ಮುಂದೆ ಹಾಡಿದ. ಪಕ್ಕದಲ್ಲಿ ತಬಲಾ ಹಿಡಿದು ಕೂತವರು ಸ್ವತಃ ಗುರುಗಳು. ಶಿಷ್ಯನಿಗೆ ಪಾಠ ಹೇಳುವ ಗುರುಗಳು ಬೇಕಾದಷ್ಟು ಮಂದಿ. ವೇದಿಕೆ ಮೇಲೆ ಹತ್ತಿಸಿ, ಪಕ್ಕದಲ್ಲಿ ತಾವೇ ಕೂತು ಧೈರ್ಯ ಕೊಡುವವರು ಅಪರೂಪ. ಆ ಹುಡುಗ ಮುಂದೆ 1991ರಲ್ಲಿ ಪದ್ಮಭೂಷಣ ಪಡೆದ.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶ ಕುಮಾರರ ಕಥೆಯೂ ಅದೇ. ತಂದೆ ಜನಪದ ಹಾಡುಗಾರರು. ಮನೆಯಲ್ಲಿ ಕಲೆ ಇತ್ತು, ಕಾಸು ಇರಲಿಲ್ಲ. 1968ರಲ್ಲಿ ಸೋದರಮಾವ, ಗೊಂಬೆಯಾಟದ ಬೆಳಗಲ್ಲು ವೀರಣ್ಣನವರು, ಹುಡುಗನನ್ನು ಕರಕೊಂಡು ಬಂದು ಪುಟ್ಟರಾಜರ ಆಶ್ರಮದಲ್ಲಿ ಬಿಟ್ಟರು. ಹುಡುಗ ಅಲ್ಲಿದ್ದದ್ದು ಮೂರು ದಿನವಲ್ಲ, 12 ವರ್ಷ. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂದು ದೇಶದ ಯಾವ ದೊಡ್ಡ ಸಂಗೀತೋತ್ಸವದಲ್ಲಿಯೂ ಅವರ ಹೆಸರು ಹೇಳಿದರೆ ಜನ ಎದ್ದು ಕೂರುತ್ತಾರೆ.

'ಸಾವಿರಕ್ಕೊಬ್ಬ ಹಂಗ ಆಗ್ತಾನ್ರೀ. ಉಳದವ್ರು ಏನ್ ಮಾಡ್ಬೇಕು? ಹಾಡಿದ್ರ ಹೊಟ್ಟಿ ತುಂಬ್ತದೇನು?' ಎಂದು ಗಲ್ಲೆಯ ಮೇಲೆ ಕೂತ ಸಾವುಕಾರರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಎಲ್ಲರೂ ರಾಜಗುರು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆಶ್ರಮದಿಂದ ಹೊರಬಿದ್ದವರು ಶಾಲೆಗಳಲ್ಲಿ ಸಂಗೀತ ಮಾಸ್ತರರಾಗಿದ್ದಾರೆ. ಆಕಾಶವಾಣಿಯಲ್ಲಿ ಹಾಡಿದ್ದಾರೆ. ನಾಟಕ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆ ತುಳಿದಿದ್ದಾರೆ. ಪುರಾಣ ಪ್ರವಚನಕ್ಕೆ ತಬಲಾ ಸಾಥ್ ಕೊಟ್ಟು ಮನೆ ನಡೆಸಿದ್ದಾರೆ, ಮಕ್ಕಳ ಮದುವೆ ಮಾಡಿದ್ದಾರೆ. ಊರಲ್ಲಿ 'ಏ ಕುರುಡಾ' ಎಂದು ಕರೆಸಿಕೊಳ್ಳಬೇಕಾಗಿದ್ದವನನ್ನು ಜನ 'ಗವಾಯಿಗಳು ಬಂದ್ರು, ಕುರ್ಚಿ ಕೊಡ್ರಿ' ಎಂದು ಕರೆಯುತ್ತಾರೆ. ಈ ಕುರ್ಚಿ ಸಣ್ಣ ಸಂಗತಿಯಲ್ಲ.

ಇದೆಲ್ಲ ಮಠ-ಆಶ್ರಮದ ಪುಣ್ಯದಿಂದ ಆಗುವ ಕೆಲಸ, ನಗರಸಭೆ, ಸಂಘ-ಸಂಸ್ಥೆಗಳಿಂದ ಆಗುವಂಥದ್ದಲ್ಲ ಎನ್ನುವವರು ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಕಡೆ ನೋಡಬಹುದು. ಅಲ್ಲಿಯ ರಾಜಧಾನಿ ಕರಾಕಸ್‌ನಲ್ಲಿ 1975ರಲ್ಲಿ ಹೊಸೆ ಆಂಟೋನಿಯೋ ಅಬ್ರೂ ಎಂಬ ಅರ್ಥಶಾಸ್ತ್ರಜ್ಞ ಸಂಗೀತಗಾರರು 11 ಮಂದಿ ಹುಡುಗರನ್ನು ಕೂಡಿಸಿ ವಾದ್ಯವೃಂದ ಶುರು ಮಾಡಿದರು. ಮೊದಲ ತಾಲೀಮು ನಡೆದದ್ದು ಒಂದು ಗ್ಯಾರೇಜಿನಲ್ಲಿ! 'ಎಲ್ ಸಿಸ್ತೆಮಾ' ಎಂದು ಹೆಸರಾದ ಆ ಏರ್ಪಾಟಿಗೆ ಸರಕಾರ ದುಡ್ಡು ಕೊಟ್ಟಿತು. ಓಣಿ ಓಣಿಗೆ ಕೇಂದ್ರ, ವಾದ್ಯ ಪುಕ್ಕಟೆ, ಶಾಲೆ ಬಿಟ್ಟ ಮೇಲೆ ವಾರದ ಬಹುತೇಕ ದಿನ ತಾಲೀಮು. ಅಲ್ಲಿ ಕಲಿತ ಗುಸ್ತಾವೊ ದುದಾಮೆಲ್ 2009ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ವಾದ್ಯವೃಂದದ ಸಂಗೀತ ನಿರ್ದೇಶಕನಾದ.

ಆದರೆ ಅಲ್ಲಿಯದೂ ಎಲ್ಲ ಹೂವಿನ ಹಾದಿಯಲ್ಲ. 2,914 ಮಕ್ಕಳ ಮೇಲೆ, 16 ಕೇಂದ್ರಗಳಲ್ಲಿ, ಪಂಡಿತರು ಪರೀಕ್ಷೆ ಮಾಡಿ 2017ರಲ್ಲಿ ವರದಿ ಕೊಟ್ಟರು. ಮಕ್ಕಳಲ್ಲಿ ಮನಸ್ಸಿನ ಹಿಡಿತ ತುಸು ಹೆಚ್ಚಾಗಿತ್ತು. ಹೊಡೆದಾಟ ಬಡಿದಾಟ ಕಂಡು ಬೆಳೆದ ಹುಡುಗರಲ್ಲಿ ಸಿಟ್ಟು ಇಳಿದಿತ್ತು. ಆದರೆ ಸಂಗೀತ ಕಲಿತ ಮಾತ್ರಕ್ಕೆ ಮಕ್ಕಳ ಬುದ್ಧಿ ಚುರುಕಾದದ್ದು ಕಾಣಲಿಲ್ಲ. ಎಲ್ಲಕ್ಕಿಂತ ಮುಖ್ಯ ಮಾತು ಬೇರೆ. ಆ ಸೀಮೆಗಳಲ್ಲಿ ಬಡತನ ಶೇ. 46ರ ಮೇಲೆ ಇದ್ದಾಗ, ಸಂಗೀತಕ್ಕೆ ಸೇರಲು ಬಂದ ಮಕ್ಕಳಲ್ಲಿ ಬಡವರು ಶೇ. 17ರಷ್ಟು ಮಾತ್ರ. ಬಡವರಿಗೆಂದು ತೆರೆದ ಬಾಗಿಲಿಗೆ ಮೊದಲು ಬಂದು ನಿಂತವರು ತುಸು ಅನುಕೂಲಸ್ಥರ ಮಕ್ಕಳು.

ಈ ಲೆಕ್ಕ ಓದಿದವರು ಇಲ್ಲಿಯ ಶಿಬಿರಗಳ ಮೊದಲ ಸಾಲಿನಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನೂ ನೆನೆಸಿಕೊಳ್ಳಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದವರ, ಅಪ್ಪ ಸ್ಕೂಟರಿನಲ್ಲಿ ತಂದು ಬಿಡುವವರ ಮಕ್ಕಳು. ಅವರೂ ಕಲಿಯಲಿ, ಬೇಡ ಎನ್ನುವವರಿಲ್ಲ. ಆದರೆ ಬ್ಯಾನರಿನಲ್ಲಿ ಯಾರ ಹೆಸರು ಬರೆದಿದೆಯೋ ಅವರು ಎಲ್ಲಿ?

ಅವರು ಬಾರದಿರಲು ಕಾರಣ ಸೋಮಾರಿತನವಲ್ಲ. ಒಂದು, ಕೂಲಿ. ಸಂಜೆ ನಾಲ್ಕರ ಪಾಠಕ್ಕೆ ಬಂದರೆ ಅರ್ಧ ದಿನದ ಪಗಾರು ಹೋಯಿತು. ಎರಡು, ಬಸ್ಸು. ಹಳ್ಳಿಯಿಂದ ಬರುವ ಹುಡುಗ ಹೋಗಿ ಬರುವ ಚಾರ್ಜು ಎಲ್ಲಿಂದ ತರಬೇಕು? ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಸರಕಾರಿ ಬಸ್ಸಿನಲ್ಲಿ ಟಿಕೀಟು ಪುಕ್ಕಟೆ ಆಯಿತು, ಅದು ದೊಡ್ಡ ಅನುಕೂಲ. ಆದರೆ ಕೊನೆಯ ಬಸ್ಸು ತಪ್ಪಿದರೆ? 'ರಾತ್ರಿ ಆದ್ರ ಹೆಂಗ ಬರ್ತಾಳ್ರೀ?' ಎಂದು ಕೇಳುವ ತಾಯಿಗೆ ಉತ್ತರ ಕೊಡುವವರು ಯಾರು? ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಕಲಿಕೆಯ ಅರ್ಧ ಕಷ್ಟ ದಾರಿಯಲ್ಲೇ ಇದೆ ಎಂಬುದು ದಿನಾ ಬಸ್ಸಿನಲ್ಲಿ ನಿಂತು ಬರುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೂರನೆಯ ಕಾರಣ ಬಾಯಿಬಿಟ್ಟು ಆಡದ ಮಾತು: ಜಾತಿ. ಹಲಗೆ ಬಾರಿಸುವ ಮನೆತನದ ಹುಡುಗನಿಗೆ ತಾಳ ಯಾರೂ ಕಲಿಸಬೇಕಿಲ್ಲ, ಹುಟ್ಟುತ್ತಲೇ ಬಂದಿರುತ್ತದೆ. ಆದರೆ ಆ ಹಲಗೆಯನ್ನು ಊರು ಎಲ್ಲಿಟ್ಟಿತ್ತು? ಹೆಣದ ಮುಂದೆ, ಡಂಗುರದ ಮುಂದೆ. ಕರೆದಾಗ ಬರಬೇಕು, ಕೊಟ್ಟಷ್ಟು ಇಸಿದುಕೊಳ್ಳಬೇಕು, ದೂರ ನಿಲ್ಲಬೇಕು. ಆದ್ದರಿಂದಲೇ ಓದಿದ ಹುಡುಗರು ಹಲಗೆ ಮುಟ್ಟಲು ಒಲ್ಲೆ ಅಂದರು, ಅದು ಅವರ ಸ್ವಾಭಿಮಾನ. ಅದೇ ವಾದ್ಯ ಒತ್ತಾಯದ ಚಾಕರಿ ಬಿಟ್ಟು ವೇದಿಕೆ ಹತ್ತಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ವಾದ್ಯ ಅದೇ, ಚರ್ಮ ಅದೇ. ಬದಲಾದದ್ದು ಅದನ್ನು ಬಾರಿಸುವವನ ಇಷ್ಟ, ಅವನ ಸಂಭಾವನೆ, ಅವನು ನಿಲ್ಲುವ ಜಾಗ. ಶಿಬಿರದಲ್ಲಿ ಹಲಗೆ ಕಲಿಸುವುದಾದರೆ ಈ ಮೂರನ್ನೂ ಕೊಡುವ ಧೈರ್ಯ ಇರಬೇಕು. ಇಲ್ಲದಿದ್ದರೆ ಹಳೆಯ ಚಾಕರಿಗೆ ಹೊಸ ಬ್ಯಾನರು ಕಟ್ಟಿದಂತೆ ಅಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಕೋಟಿ ರೂಪಾಯಿ ಭವನ ಬೇಡ. ಸಂಜೆ ಐದಕ್ಕೆ ಬೀಗ ಬೀಳುವ ಸರಕಾರಿ ಶಾಲೆಗಳು ಓಣಿ ಓಣಿಗೂ ಇವೆ. ಒಂದು ಕೋಣೆ ಸಾಕು. ಎರಡು ಹಾರ್ಮೋನಿಯಂ, ಎರಡು ಜೊತೆ ತಬಲಾ, ನಾಲ್ಕು ಡೊಳ್ಳು, ನಾಲ್ಕು ಹಲಗೆ ಒಂದು ಕಪಾಟಿನಲ್ಲಿ ಇರಲಿ. ಮನೆಯಲ್ಲಿ ವಾದ್ಯ ಇಲ್ಲದವರು ಅಲ್ಲಿಯೇ ಬಂದು ತಾಲೀಮು ಮಾಡಲಿ. ವಾರಕ್ಕೆ ಮೂರು ಸಂಜೆ, ವರ್ಷ ಪೂರ್ತಿ, ಮಾಸ್ತರರು ಬರಲಿ. ಅವರ ಪಗಾರು ತಿಂಗಳಿಗೆ ಸರಿಯಾಗಿ ಕೈಗೆ ಬರಲಿ. ಆಶ್ರಮದಲ್ಲಿ ಕಲಿತವರು ಜಿಲ್ಲೆಯಲ್ಲೇ ಇರುವಾಗ ಗುರುಗಳಿಗೆ ಬರಗಾಲವೇನೂ ಇಲ್ಲ. ಪಾಠದ ಹೊತ್ತು ಸಾಹೇಬರ ಅನುಕೂಲ ನೋಡಿ ಅಲ್ಲ, ಹಳ್ಳಿಯ ಕೊನೆಯ ಬಸ್ಸು ನೋಡಿ ಗೊತ್ತಾಗಲಿ. ಎರಡು ವರ್ಷ ಬಿಡದೆ ಬಂದವರನ್ನು ಜೂನಿಯರ್ ಪರೀಕ್ಷೆಗೆ ಕೂರಿಸಲಿ, ಫೀ ಸಂಘದವರು ತುಂಬಲಿ. ಆ ಕಾಗದ ಮುಂದೆ ನೌಕರಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆ. ಮೂರು ದಿನದ ಪ್ರಮಾಣಪತ್ರಕ್ಕೆ ಆ ಬೆಲೆ ಎಲ್ಲಿಂದ ಬರಬೇಕು?

ದುಡ್ಡಿನ ಮಾತು. ನಗರಸಭೆ, ಪುರಸಭೆಗಳು ತಮ್ಮ ಹಣದಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳ ಏಳಿಗೆಗೆ, ಶೇ. 7.25ರಷ್ಟನ್ನು ಇತರ ಬಡವರಿಗೆ, ಶೇ. 5ರಷ್ಟನ್ನು ಅಂಗವಿಕಲರಿಗೆ ಎಂದು ತೆಗೆದಿಡುವ ನಿಯಮವಿದೆ. ಮಾಸ್ತರರ ಪಗಾರು, ವಾದ್ಯಗಳ ಖರ್ಚು ಅದರಲ್ಲಿ ಕೂರುತ್ತದೆಯೇ ಎಂದು ಯಾವ ಸದಸ್ಯರಾದರೂ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳಲಿ. ಗಟಾರ, ರಸ್ತೆಯ ಜಗಳದ ನಡುವೆ ಐದು ನಿಮಿಷ ಇದಕ್ಕೂ ಸಿಗಲಿ.

ಇನ್ನು ಪೇಟೆಯ ಪಾಲು. ಗಣಪತಿ ಹಬ್ಬ ಬಂದಾಗ ಪಟ್ಟಿ ಎತ್ತಲು ಬರುವವರಿಗೆ ವರ್ತಕರು ಇಲ್ಲ ಎನ್ನುವುದಿಲ್ಲ. ಆ ಹಣದಲ್ಲಿ ದೊಡ್ಡ ಪಾಲು ಹೋಗುವುದು ಬೇರೆ ಊರಿನಿಂದ ಬರುವ ಡೀಜೆ ಪೆಟ್ಟಿಗೆಗೆ. ಅಂಗಡಿಯ ಗಾಜು ಅದುರುತ್ತದೆ, ಮುದುಕರ ಎದೆ ನಡುಗುತ್ತದೆ. ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಕೂಡದೆಂದು 2000ನೇ ಇಸವಿಯ ಕೇಂದ್ರದ ನಿಯಮವೇ ಇದೆ, ಪೊಲೀಸರಿಗೂ ತಾಪತ್ರಯ. ಕೊಟ್ಟ ದುಡ್ಡು ಮರುದಿನ ಲಾರಿ ಹತ್ತಿ ಊರು ಬಿಡುತ್ತದೆ. ಅದರ ಅರ್ಧ ಹಣಕ್ಕೆ ಊರಿನ ಹುಡುಗರ ಡೊಳ್ಳು, ಹಲಗೆ, ಕರಡಿ ಮಜಲು ಮೆರವಣಿಗೆಯ ಮುಂದೆ ಹೋದರೆ? ದುಡ್ಡು ಊರಲ್ಲೇ ಉಳಿಯುತ್ತದೆ. ಅದೇ ಹುಡುಗ ಮರುವಾರ ಅದೇ ಪೇಟೆಯಲ್ಲಿ ತಾಯಿಗೆ ಸೀರೆ ಕೊಳ್ಳುತ್ತಾನೆ. ಇಷ್ಟು ವ್ಯವಹಾರ ವರ್ತಕರಿಗೆ ತಿಳಿಯದ್ದಲ್ಲ.

ಆದರೆ ಒಂದು ಷರತ್ತು. 'ನಮ್ ಹುಡುಗ್ರ ಅದಾರಲ್ಲ, ಚಹಾ ಕುಡಿಸಿದ್ರ ಸಾಕು' ಎನ್ನುವ ಚಾಳಿ ಬಿಡಬೇಕು. ಡೀಜೆಯವನಿಗೆ ಮುಂಗಡ ಕೊಡುವ ಕೈ ಹಲಗೆಯವನಿಗೆ ಉದ್ರಿ ಹೇಳಬಾರದು. ಸಂಭಾವನೆ ಮೊದಲೇ ಮಾತಾಗಲಿ, ಎಲ್ಲರ ಎದುರಿಗೆ ಲಕೋಟೆ ಕೊಡಲಿ, ಊಟದ ಪಂಕ್ತಿಯಲ್ಲಿ ಅವರಿಗೂ ಎಲೆ ಬೀಳಲಿ. ಹಾಗೆಯೇ ಅಂಗಡಿ, ಹೋಟೆಲು, ಗ್ಯಾರೇಜಿನ ಮಾಲಕರು ಕಲಿಯುವ ಹುಡುಗನಿಗೆ ವಾರಕ್ಕೆ ಮೂರು ಸಂಜೆ ಒಂದು ತಾಸು ಮೊದಲು ಬಿಡುಗಡೆ ಕೊಡಲಿ, ಪಗಾರು ಮುರಿಯದೆ. ಒಂಬತ್ತು ತಾಸು ದುಡಿದವನಿಗೆ ಒಂದು ತಾಸು ತನ್ನದು ಎಂದು ಇದ್ದರೆ ಅವನು ಓಡಿಹೋಗುವುದಿಲ್ಲ, ಮರುದಿನ ಇನ್ನಷ್ಟು ಚಲೋ ದುಡಿಯುತ್ತಾನೆ.

ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಂಗಡಿಯಲ್ಲಿ ಹಾಕಿದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟರು. ರೈಲು ಹತ್ತಿ ಹೋಗುವ ಎದೆ ಎಲ್ಲ ಹುಡುಗರಿಗೂ ಇರುವುದಿಲ್ಲ. ಎಷ್ಟೋ ಮಂದಿ ಇಂದಿಗೂ ಅಂಗಡಿಯ ಮುಂದೆಯೇ ನಿಂತಿದ್ದಾರೆ, ಕೇಳುತ್ತಿದ್ದಾರೆ, ಹೊತ್ತಾಯಿತೆಂದು ಕೆಲಸಕ್ಕೆ ಹೋಗುತ್ತಿದ್ದಾರೆ. ಇಂಥ ಹುಡುಗರ ದನಿ ಕಣ್ಣಿಲ್ಲದ ಇಬ್ಬರು ಗವಾಯಿಗಳಿಗೆ ಕೇಳಿಸಿತು. ಕಣ್ಣಿದ್ದ ಊರಿಗೆ ಕೇಳಿಸಬೇಡವೇ?

ಮುಂದಿನ ಬೇಸಿಗೆಗೂ ಶಿಬಿರ ನಡೆಯುತ್ತದೆ, ಬ್ಯಾನರು ಕಟ್ಟುತ್ತದೆ. ಸಂಘಟಕರು ಪಟ್ಟಿ ಹಿಡಿದು ಅಂಗಡಿಗೆ ಬಂದಾಗ ವರ್ತಕರು ಕೊಡುವುದನ್ನು ಕೊಡಲಿ, ಆದರೆ ಒಂದು ಪ್ರಶ್ನೆ ಕೇಳಿ ಕೊಡಲಿ: 'ನಾಲ್ಕನೇ ದಿನ ಏನ್ ಮಾಡಾವ್ರಿದ್ದೀರಿ?' ಉತ್ತರ ಇದ್ದವರಿಗೆ ದುಪ್ಪಟ್ಟು ಕೊಡಲಿ. ಶಾಲೆಯ ಕೋಣೆಯ ಕೀಲಿಕೈ ಯಾರ ಜೇಬಿನಲ್ಲಿದೆ ಎಂಬುದು ಊರಿಗೆ ಗೊತ್ತಿದೆ. ಅದನ್ನು ಈಚೆ ತೆಗೆಸುವವರು ಮುಂದೆ ಬರುವರೇ?